ಡಿಕ್ಕಿಯ ಮೇಲೊಂದು ರೆಕ್ಕೆ

ನನ್ನ ಕಾರಿಗೆ ರೆಕ್ಕೆ ಇದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ನನ್ನನ್ನು ನೋಡಿದವರು ಯಾರೂ ಇದನ್ನು ನಂಬುವುದಿಲ್ಲ. ಅರವತ್ತು ದಾಟಿದ, ಅರೆತೋಳಿನ ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಳ್ಳುವ, ಸಿಗ್ನಲ್ಲಿನಲ್ಲಿ ಹಳದಿ ದೀಪ ಕಂಡ ಕೂಡಲೇ ನಿಂತು ಹಿಂದಿನವರಿಂದ ಬೈಸಿಕೊಳ್ಳುವ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ನಾನು. ನನ್ನ ಬೂದು ಬಣ್ಣದ ಹಳೆಯ ಕಾರಿನ ಡಿಕ್ಕಿಯ ಮೇಲೆ, ಎರಡು ಕಪ್ಪು ಕಾಲುಗಳನ್ನೂರಿಕೊಂಡು, ರೇಸಿನ ಕಾರುಗಳಿಗೆ ಇರುವಂಥ ನಾಲ್ಕಡಿ ಉದ್ದದ ರೆಕ್ಕೆಯೊಂದು ನಿಂತಿದೆ. ಅಂಗಡಿಯವರ ಬಾಯಲ್ಲಿ ಅದು ಸ್ಪಾಯ್ಲರ್. ಪದ್ಮನಾಭನಗರದ ನಮ್ಮ ಬೀದಿಯವರ ಬಾಯಲ್ಲಿ ನಾನು ರೆಕ್ಕೆ ಸಾರ್.

ಈ ಕಾರು ನನ್ನ ಕೈಗೆ ಬಂದ ಮೇಲೆ ಕಂಡಿರುವ ಅತಿ ಹೆಚ್ಚಿನ ವೇಗ ಗಂಟೆಗೆ ನಲವತ್ತೆಂಟು ಕಿಲೋಮೀಟರು. ಅದೂ ಒಂದು ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ, ನನ್ನ ಹೆಂಡತಿ ವನಜ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡು ಹಿಡಿದುಕೊಂಡು "ರೀ, ಏನಾಗಿದೆ ನಿಮ್ಗೆ ಇವತ್ತು?" ಎಂದು ಕೂಗುವವರೆಗೆ ಮಾತ್ರ. ಮಿಕ್ಕಂತೆ ನನ್ನ ಲೋಕಸಂಚಾರವೆಲ್ಲ ಮನೆಯಿಂದ ಜಯನಗರ ನಾಲ್ಕನೇ ಬ್ಲಾಕಿಗೆ, ಅಲ್ಲಿಂದ ಮನೆಗೆ. ಬನಶಂಕರಿ ದೇವಸ್ಥಾನದ ಬಳಿಯ ನೂಕುನುಗ್ಗಲಿನಲ್ಲಿ ಸೊಪ್ಪಿನ ಗಾಡಿಯವನು ನನ್ನನ್ನು ಎಡಗಡೆಯಿಂದ ಹಿಂದೆ ಹಾಕಿ, ಮುಂದಿನ ತಿರುವಿನಲ್ಲಿ ಎರಡು ಕಟ್ಟು ದಂಟು ಮಾರಿ, ಮತ್ತೊಮ್ಮೆ ಹಿಂದೆ ಹಾಕಿದ ದಿನಗಳೂ ಉಂಟು. ಇಂಥ ಕಾರಿಗೆ ರೆಕ್ಕೆ ಏಕೆ ಬಂತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾರು ಮೊದಲು ಚಿಕ್ಕಲಸಂದ್ರದ ಮುನಿರಾಜಣ್ಣನದು. ಮುನಿರಾಜಣ್ಣನ ಮನೆಯವರು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಬಾಡಿಗೆ ಕಟ್ಟಡಗಳು, ಒಂದು ಜಿಮ್ಮು, ಎರಡು ಟ್ಯೂಷನ್ ಸೆಂಟರುಗಳು ಬೆಳೆದಿವೆ. ಮನುಷ್ಯ ದೊಡ್ಡ ಮನಸ್ಸಿನವನು, ಕಾರು ಎಂದರೆ ಪ್ರಾಣ. ಇದ್ದ ಕಾರಿಗೆ ಆಸೆಯಿಂದ ರೆಕ್ಕೆ ಹಾಕಿಸಿದ. ರೆಕ್ಕೆ ಬಂದ ಮೇಲೆ ಕಾರು ಸಾಲದೆ ಹೋಯಿತು. ಹಾಗಾಗಿ ಎಲ್ಲಿಂದಲೋ ಕೆಂಪು ಬಣ್ಣದ, ಇಬ್ಬರೇ ಕೂರುವ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿರುವಂಥ ನಿಜವಾದ ಸ್ಪೋರ್ಟ್ಸ್ ಕಾರೊಂದನ್ನು ತಂದ. ಆ ಕಾರಿನ ಕತೆಯೇ ಬೇರೆ. ಮುನಿರಾಜಣ್ಣನ ಮನೆಯ ಮುಂದೆಯೇ ಒಂದು ರೋಡ್ ಹಂಪ್ ಇದೆ. ಅದನ್ನು ಹಾಕಿಸಲು ಅರ್ಜಿ ಬರೆಸಿ ಓಡಾಡಿದವನೂ ಅವನೇ. ಕೆಂಪು ಕಾರು ಆ ಹಂಪನ್ನು ದಾಟಲಾರದು. ದಾಟಲೇಬೇಕೆಂದರೆ ಎರಡು ಮರದ ಹಲಗೆ ಇಟ್ಟು, ಮುಂದೆ ಒಬ್ಬರು ಹಿಂದೆ ಒಬ್ಬರು ನಿಂತು "ಬರ್ಲಿ, ಬರ್ಲಿ, ಹೋಲ್ಡ್" ಎನ್ನಬೇಕು. ಹೀಗಾಗಿ ಅದು ಹಬ್ಬ ಹುಣ್ಣಿಮೆಗೆ ಮಾತ್ರ ಹೊರಗೆ ಬರುತ್ತದೆ, ನಮ್ಮಲ್ಲಿ ರೇಷ್ಮೆ ಸೀರೆ ಬರುವ ಹಾಗೆ.

ಹಳೆಯ ಕಾರು ನನಗೆ ಬಂತು. ಕೀಲಿ ಕೊಡುವಾಗ ಮುನಿರಾಜಣ್ಣ ರೆಕ್ಕೆಯನ್ನೊಮ್ಮೆ ನೇವರಿಸಿ, "ಸಾರ್, ಇದನ್ನ ಮಾತ್ರ ತೆಗೀಬೇಡಿ. ತೆಗುದ್ರೆ ಡಿಕ್ಕಿಲಿ ತೂತು ಉಳ್ಕೊಳ್ಳುತ್ತೆ, ಮಳೆ ನೀರು ಒಳಗೆ ಬರುತ್ತೆ" ಎಂದ. ಗೇಟಿನ ಬಳಿ ಆರತಿ ತಟ್ಟೆ ಹಿಡಿದು ನಿಂತಿದ್ದ ವನಜ ಕಾರನ್ನು ಮುಂದಿನಿಂದ ನೋಡಿ ಮೆಚ್ಚಿದಳು. ಹಿಂದಕ್ಕೆ ಬಂದಾಗ ತಟ್ಟೆಯಲ್ಲಿನ ಕರ್ಪೂರ ಆರಿತು.

"ಇದೇನ್ರೀ ಇದು, ಬಟ್ಟೆ ಒಣಗಿಸೋ ಸ್ಟ್ಯಾಂಡು?"

"ಅದು ಸ್ಪಾಯ್ಲರ್ ಕಣೆ. ಗಾಳಿಗೆ ಸಂಬಂಧಪಟ್ಟಿದ್ದು."

"ನಿಮ್ಗೆ ಗಾಳಿ ಸಾಕಷ್ಟಿದೆ. ತೆಗ್ಸಿ."

ತೂತಿನ ವಿಷಯ ಹೇಳಿದೆ. ಮಳೆನೀರು ಎಂದ ಮೇಲೆ ಅವಳು ಸುಮ್ಮನಾದಳು. ನಮ್ಮ ಮನೆಯ ತಾರಸಿ ಸೋರುವುದರಿಂದ ನೀರಿನ ವಿಷಯದಲ್ಲಿ ಅವಳಿಗೆ ಅನುಭವವಿದೆ. ಒಂದು ತಿಂಗಳು ಅವಳು ಆ ಕಾರಿನಲ್ಲಿ ಕೂತಾಗೆಲ್ಲ ಸೀರೆಯ ಸೆರಗನ್ನು ಮುಖದ ಕಡೆಗೆ ಎಳೆದುಕೊಳ್ಳುತ್ತಿದ್ದಳು.

ಆಮೇಲೆ ಬೇಸಿಗೆ ಬಂತು. ಬೇಸಿಗೆ ಬಂದರೆ ನಮ್ಮ ಮನೆಯಲ್ಲಿ ಬಾಳಕದ ಕಾಲ. ಗಿಡ್ಡ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಉಪ್ಪು, ಮೆಂತ್ಯ, ಇಂಗು ತುಂಬಿ, ಹುಳಿ ಮಜ್ಜಿಗೆಯಲ್ಲಿ ರಾತ್ರಿಯೆಲ್ಲ ನೆನೆಸಿ ಹಗಲೆಲ್ಲ ಒಣಗಿಸುವುದು. ಸಂಜೆ ಮತ್ತೆ ಅದೇ ಮಜ್ಜಿಗೆಗೆ, ಬೆಳಿಗ್ಗೆ ಮತ್ತೆ ಬಿಸಿಲಿಗೆ. ಹೀಗೆ ವಾರವಿಡೀ ನಡೆದ ಮೇಲೆ ಅದು ಬಾಳಕ. ಎಣ್ಣೆಯಲ್ಲಿ ಕಪ್ಪಗೆ ಕರಿದು ಮೊಸರನ್ನದ ಪಕ್ಕ ಇಟ್ಟರೆ ನಾನು ಮಿಕ್ಕ ಲೋಕವನ್ನೆಲ್ಲ ಮರೆಯುತ್ತೇನೆ. ಆದರೆ ಈ ವರ್ಷ ಒಣಗಿಸಲು ಜಾಗವಿರಲಿಲ್ಲ. ತಾರಸಿಯಲ್ಲಿ ಸೋಲಾರ್ ಪೆಟ್ಟಿಗೆ, ನೀರಿನ ಟ್ಯಾಂಕು. ಉಳಿದ ಬಿಸಿಲನ್ನು ಪಕ್ಕದಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡ ನುಂಗಿ ನೀರು ಕುಡಿದಿತ್ತು. ಹತ್ತರಿಂದ ಮೂರು ಗಂಟೆಯವರೆಗೆ ಬಿಸಿಲು ಬೀಳುವುದು ಗೇಟಿನ ಮುಂದೆ ನಿಂತ ನನ್ನ ಕಾರಿನ ಡಿಕ್ಕಿಯ ಮೇಲೆ ಮಾತ್ರ.

ಒಂದು ಬೆಳಿಗ್ಗೆ ನೋಡುತ್ತೇನೆ, ರೆಕ್ಕೆಯ ಮೇಲೆ ಬಿಳಿ ಪಂಚೆಯ ತುಂಡು, ಅದರ ಮೇಲೆ ಎರಡು ಸಾಲು ಮೆಣಸಿನಕಾಯಿ. ರೆಕ್ಕೆಯ ಮೇಲ್ಭಾಗ ದೋಣಿಯಂತೆ ಸ್ವಲ್ಪ ತಗ್ಗು. ಒಂದು ಕಾಯಿಯೂ ಉರುಳುವಂತಿರಲಿಲ್ಲ. ನಾಯಿ ಬೆಕ್ಕಿಗೆ ಎಟುಕದ ಎತ್ತರ, ಕೆಳಗೂ ಮೇಲೂ ಗಾಳಿ. ವನಜ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, "ಯಾರೋ ಬಹಳ ಯೋಚ್ನೆ ಮಾಡಿ ಮಾಡಿದಾರೆ ಕಣ್ರೀ ಇದನ್ನ" ಎಂದಳು. ಅಂದಿನಿಂದ ಸೆರಗು ಮುಖ ಬಿಟ್ಟು ಹೆಗಲಿಗೆ ಬಂತು.

ಎಲ್ಲರೂ ಸುಖವಾಗಿದ್ದೆವು. ಅಲ್ಲಿಗೇ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ನನ್ನ ಮಾನವೂ ಹೋಗುತ್ತಿರಲಿಲ್ಲ.

ರೆಕ್ಕೆಯ ಒಂದು ಬೋಲ್ಟು ಸಡಿಲವಾಗಿ ಹಂಪ್ ಬಂದಾಗಲೆಲ್ಲ ಗಡಗಡ ಎನ್ನತೊಡಗಿತು. ಬಿಗಿ ಮಾಡಿಸಲೆಂದು ಬಾಬಣ್ಣನ ಅಂಗಡಿಗೆ ಹೋದೆ. ಬಾಬಣ್ಣ ಕಾರುಗಳಿಗೆ ಸೀಟ್ ಕವರು, ಹಾರ್ನು, ರೆಕ್ಕೆ ಇತ್ಯಾದಿ ಅಲಂಕಾರ ಹಾಕುವವನು; ಮುನಿರಾಜಣ್ಣನ ರೆಕ್ಕೆಯನ್ನು ಹಾಕಿದವನೂ ಅವನೇ. ಅವನು ಸ್ಪ್ಯಾನರ್ ಹುಡುಕುತ್ತಿದ್ದಾಗ ನಾನು ಕನ್ನಡಕ ಸರಿಮಾಡಿಕೊಂಡು ರೆಕ್ಕೆಯನ್ನು ಪಕ್ಕದಿಂದ ಮೊದಲ ಸಲ ಸರಿಯಾಗಿ ನೋಡಿದೆ. ನೋಡಿದವನು ಬೆಚ್ಚಿದೆ. ರೆಕ್ಕೆಯ ಉಬ್ಬು ಕೆಳಗಿತ್ತು, ತಗ್ಗು ಮೇಲಿತ್ತು.

ಇಲ್ಲಿ ನಿಮಗೆ ಸ್ವಲ್ಪ ಪಾಠ ಹೇಳಲೇಬೇಕು. ಹೆದರಬೇಡಿ, ಪರೀಕ್ಷೆ ಇಲ್ಲ. ಇಪ್ಪತ್ತೊಂಬತ್ತು ವರ್ಷ ನಾನು ಪಿಯುಸಿ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ವಿಮಾನದ ರೆಕ್ಕೆ ಬರೆದಿದ್ದೇನೆ. ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಉಬ್ಬಿನ ಮೇಲೆ ಹಾಯುವ ಗಾಳಿ ಜೋರಾಗಿ ಓಡುತ್ತದೆ. ಜೋರಾಗಿ ಓಡುವ ಗಾಳಿಗೆ ಒತ್ತಡ ಕಡಿಮೆ. ಕೆಳಗಿನ ಗಾಳಿಗೆ ಒತ್ತಡ ಹೆಚ್ಚು. ಆದ್ದರಿಂದ ರೆಕ್ಕೆ ಮೇಲಕ್ಕೇಳುತ್ತದೆ. ಬಿರುಗಾಳಿಗೆ ಶೆಡ್ಡಿನ ತಗಡು ಕೆಳಗೆ ಕುಸಿಯದೆ ಮೇಲಕ್ಕೆ ಹಾರಿಹೋಗುವುದು ಇದೇ ಕಾರಣಕ್ಕೆ. ಮೇಲಿನ ಗಾಳಿ ಏಕೆ ಜೋರಾಗಿ ಓಡುತ್ತದೆ ಎಂದು ಮಕ್ಕಳು ಕೇಳಿದರೆ, ಕೆಳಗಿನ ಗಾಳಿಯ ಜೊತೆಗೇ ಅದು ಹಿಂದಿನ ತುದಿ ಮುಟ್ಟಬೇಕಲ್ಲ, ದಾರಿ ಉದ್ದ, ಅದಕ್ಕೇ ಓಟ ಎನ್ನುತ್ತಿದ್ದೆ. ಇದು ಶುದ್ಧ ಸುಳ್ಳು ಎಂದು ನಿವೃತ್ತನಾದ ಮೇಲೆ ಓದಿ ತಿಳಿದುಕೊಂಡೆ. ಬೇರೆಯಾದ ಗಾಳಿಗಳು ಹಿಂದಿನ ತುದಿಯಲ್ಲಿ ಸೇರೋಣ ಎಂದು ಮಾತಾಡಿಕೊಂಡಿರುವುದಿಲ್ಲವಂತೆ. ಮೇಲಿನದು ಇನ್ನೂ ಮುಂಚೆಯೇ ತಲುಪಿ ತನ್ನ ಪಾಡಿಗೆ ಹೊರಟುಹೋಗುತ್ತದಂತೆ. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿದ್ದಾರೆ, ಯಾರೂ ಬಂದು ಕೇಳಿಲ್ಲ. ಆದರೂ ಆಕಾಶದಲ್ಲಿ ವಿಮಾನ ಹೋದಾಗ ನಾನು ತಲೆ ತಗ್ಗಿಸುತ್ತೇನೆ.

ಇರಲಿ. ಇಪ್ಪತ್ತೊಂಬತ್ತು ವರ್ಷ ಒಂದೇ ಚಿತ್ರ ಬರೆದವನ ಕಣ್ಣಿಗೆ ರೆಕ್ಕೆ ಎಂದರೆ ಉಬ್ಬು ಮೇಲಿರಬೇಕು.

"ಬಾಬಣ್ಣ, ಇದನ್ನ ತಲೆಕೆಳಗು ಹಾಕ್ಬಿಟ್ಟಿದೀರಲ್ಲ" ಎಂದೆ.

ಅವನು ಬಗ್ಗಿ ನೋಡಿದ. "ಇಲ್ವಲ್ಲ ಸಾರ್. ಡಬ್ಬದಿಂದ ಬರೋದೇ ಹಿಂಗೆ. ಇಂಥವು ಎಷ್ಟೋ ಹಾಕಿದೀನಿ ನಾನು."

"ಎಲ್ಲಾನೂ ತಪ್ಪೇ ಹಾಕಿರ್ತೀರಿ. ವಿಮಾನದ ರೆಕ್ಕೆ ನೋಡಿಲ್ವಾ ನೀವು?"

"ನೋಡಿದೀನಿ ಸಾರ್. ಆದ್ರೆ ಇದು ಕಾರಲ್ವಾ?"

ಈ ಒಂದು ಪ್ರಶ್ನೆಯಲ್ಲಿ ಎಲ್ಲ ಉತ್ತರವೂ ಇತ್ತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಅವನ ಅಂಗಡಿಯ ರಟ್ಟಿನ ಡಬ್ಬದ ಮೇಲೆ ಚಿತ್ರ ಬರೆದೆ, ಬಾಣದ ಗುರುತು ಹಾಕಿದೆ, ಸೂತ್ರ ಬರೆದೆ. ಬಾಬಣ್ಣ ಡಬ್ಬವನ್ನೂ ನನ್ನನ್ನೂ ಒಂದೆರಡು ಸಲ ನೋಡಿ, "ಓದಿರೋರು ನೀವು ಸಾರ್. ನೀವ್ ಹೇಳ್ದಂಗೆ" ಎಂದು ಡ್ರಿಲ್ಲಿಂಗ್ ಮಶೀನು ಎತ್ತಿಕೊಂಡ. ಅರ್ಧ ಗಂಟೆಯಲ್ಲಿ ರೆಕ್ಕೆ ಮಗುಚಿತು. ರೆಕ್ಕೆಯಲ್ಲೇ ಹೊಸ ತೂತು ಕೊರೆದು ಕಾಲುಗಳ ಮೇಲೆ ಕೂರಿಸಿ, ಮಗುಚಿದ್ದರಿಂದ ಮೇಲಕ್ಕೆ ಬಂದ ಹಳೆಯ ತೂತುಗಳಿಗೆ ರಬ್ಬರಿನ ಬಿರಡೆ ಸಿಕ್ಕಿಸಿದ. ವಿಜ್ಞಾನಕ್ಕೆ ಸೇವೆ ಸಲ್ಲಿಸಿದ ತೃಪ್ತಿಯಿಂದ ಮನೆಗೆ ಬಂದೆ. ಆವತ್ತು ಹಂಪಿನಲ್ಲಿ ಗಡಗಡ ಕೇಳಲಿಲ್ಲ, ನಿಜ. ನನ್ನ ಪಾಂಡಿತ್ಯದಿಂದ ಎಂದುಕೊಂಡೆ. ಬೋಲ್ಟು ಬಿಗಿಯಾಗಿತ್ತು, ಅಷ್ಟೆ.

ಮರುದಿನ ಹತ್ತು ಗಂಟೆಗೆ ವನಜ ಎಂದಿನಂತೆ ಪಂಚೆ ಹಾಸಿ ಮೆಣಸಿನಕಾಯಿ ಜೋಡಿಸಿದಳು. ಮೊದಲನೆಯದು ಉರುಳಿತು. ಎತ್ತಿಟ್ಟಳು. ಎರಡನೆಯದೂ ಮೂರನೆಯದೂ ಒಟ್ಟಿಗೆ ಉರುಳಿದವು. ಆಮೇಲೆ ಪಂಚೆಯೇ ಜಾರಿ, ನಾಲ್ಕು ದಿನ ಮಜ್ಜಿಗೆ ಕುಡಿದು ಕೊಬ್ಬಿದ ಕಾಯಿಗಳೆಲ್ಲ ಬೀದಿಯ ಮೋರಿಗೆ ಇಳಿದವು. ನಾನು ಪೇಪರು ಹಿಡಿದು ವರಾಂಡದಲ್ಲಿದ್ದೆ. ಅವಳು ಒಳಗೆ ಬಂದು ನನ್ನೆದುರು ನಿಂತಳು. ಕೈಯಲ್ಲಿ ಬರಿಯ ಪಂಚೆ.

"ರೆಕ್ಕೆಗೆ ಏನ್ ಮಾಡಿದ್ರಿ?"

ವಿವರಿಸಿದೆ. ಉಬ್ಬು, ತಗ್ಗು, ಒತ್ತಡ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು, ಅದಕ್ಕೇ ನನಗೆ ಭಯವಾಯಿತು.

"ಮೊದ್ಲಿನ ಹಾಗೇ ಹಾಕಿಸ್ಕೊಂಡು ಬನ್ನಿ."

"ಆಗಲ್ಲ ವನಜ. ತಪ್ಪು ಅಂತ ಗೊತ್ತಿದ್ದೂ ಹೇಗೆ ಹಾಕ್ಸೋದು? ನಾನು ಫಿಸಿಕ್ಸ್ ಮೇಷ್ಟ್ರು."

"ಸರಿ ಹಾಗಾದ್ರೆ. ಇನ್ಮೇಲೆ ಮೊಸರನ್ನಕ್ಕೆ ನಿಮ್ಮ ಫಿಸಿಕ್ಸೇ ನೆಂಚ್ಕೊಳ್ಳಿ."

ಇದು ಬರಿಯ ಮಾತಲ್ಲ. ಅಂದು ಮಧ್ಯಾಹ್ನದಿಂದ ನನ್ನ ತಟ್ಟೆಯಲ್ಲಿ ಮೊಸರನ್ನ ಒಂಟಿಯಾಯಿತು. ಡಬ್ಬದಲ್ಲಿ ಕಳೆದ ವರ್ಷದ ಬಾಳಕ ಒಂದು ಹಿಡಿ ಇದ್ದದ್ದು ನನಗೆ ಗೊತ್ತಿತ್ತು. ಹುಡುಕಿದರೆ ಆ ಡಬ್ಬದಲ್ಲಿ ಈಗ ಕಡಲೆಬೇಳೆ ಇತ್ತು. ಎರಡು ದಿನವಾದ ಮೇಲೆ ಉಪ್ಪಿನಕಾಯಿಯೂ ಕಾಣೆಯಾಯಿತು. ವನಜ ಮುನಿಸಿಕೊಂಡು ಮಾತು ಬಿಡುವವಳಲ್ಲ. ಎಲ್ಲ ಮಾತೂ ಆಡುತ್ತಾಳೆ, ಗ್ಯಾಸ್ ಬುಕ್ ಮಾಡಿದಿರಾ ಎಂದು ಕೇಳುತ್ತಾಳೆ, ಒಂದು ವಿಷಯವನ್ನು ಮಾತ್ರ ಎತ್ತುವುದಿಲ್ಲ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಇದಕ್ಕಿಂತ ಜೋರಾದ ಜಗಳವನ್ನು ನಾನು ಕಂಡಿಲ್ಲ. ಸಪ್ಪೆ ಮೊಸರನ್ನ ಕಲಸುತ್ತಾ ಕೂತಾಗ ನನಗೆ ನಿಜವಾಗಿಯೂ ದುಃಖವಾಗುತ್ತಿತ್ತು. ಆದರೆ ಸೋತೆ ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಕೆಲಸದಿಂದ ನಿವೃತ್ತನಾದ ಮೇಲೆ ಮೇಷ್ಟ್ರ ಬಳಿ ಏನು ಉಳಿದಿರುತ್ತದೆ, ಹೇಳಿ? ಹಾಜರಿ ಪುಸ್ತಕ ಇಲ್ಲ, ಎದ್ದು ನಿಲ್ಲುವ ಮಕ್ಕಳಿಲ್ಲ. ತಾನು ಹೇಳಿದ್ದು ಸರಿ ಎಂಬ ಒಂದೇ ಒಂದು ಆಸ್ತಿ. ಅದನ್ನೂ ಮೆಣಸಿನಕಾಯಿಗೆ ಬಿಟ್ಟುಕೊಡುವುದೇ?

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿನವರದೊಂದು ಗುಂಪಿದೆ. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರು ತಮಗೆ ಗೊತ್ತಿರುವ ವಿಷಯದ ಮೇಲೆ ಮಾತಾಡಬೇಕು, ಮಿಕ್ಕವರು ಕೋಡುಬಳೆ ತಿನ್ನುತ್ತಾ ಕೇಳಬೇಕು. ಹಿಂದಿನ ತಿಂಗಳು ನಿವೃತ್ತ ದನದ ಡಾಕ್ಟರೊಬ್ಬರು ಹಸುವಿನ ನಾಲ್ಕು ಹೊಟ್ಟೆಗಳ ಬಗ್ಗೆ ಮಾತಾಡಿ, ಎರಡನೆಯ ಹೊಟ್ಟೆಗೇ ಸಮಯ ಮುಗಿದಿತ್ತು. ಈ ಸಲದ ಸರದಿ ನನ್ನದು. 'ಕಾರಿನ ರೆಕ್ಕೆ ಮತ್ತು ಗಾಳಿ' ಎಂದು ವಿಷಯ ಕೊಟ್ಟುಬಿಟ್ಟೆ. ಊರೆದುರು ಸರಿ ಎನ್ನಿಸಿಕೊಂಡರೆ ವನಜ ಒಪ್ಪಲೇಬೇಕಲ್ಲ! ಅವಳಿಗೂ ಹೇಳಿದೆ.

"ಬರ್ತೀನಿ" ಎಂದಳು. "ಆದ್ರೆ ಒಂದ್ ಮಾತು. ನೀವು ಸೋತ್ರೆ ರೆಕ್ಕೆ ತಿರುಗ್ಬೇಕು. ಗೆದ್ರೆ, ನಾನು ಈ ಜನ್ಮದಲ್ಲಿ ಬಾಳಕ ಮಾಡಲ್ಲ."

ಸರಿ ಎಂದೆ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡ ಮೇಲೆ ಲೆಕ್ಕ ಹಾಕಿದರೆ, ಗೆದ್ದರೆ ಬಾಳಕವಿಲ್ಲ, ಸೋತರೆ ಮಾನವಿಲ್ಲ. ಇಂಥ ಪಂದ್ಯಕ್ಕೆ ಕೈ ಕೊಟ್ಟ ಮೇಷ್ಟ್ರು ಯಾವ ಲೆಕ್ಕ ಕಲಿಸಿದ್ದಾನೋ ದೇವರೇ ಬಲ್ಲ.

ಭಾನುವಾರ ಪಕ್ಕದ ಟ್ಯೂಷನ್ ಸೆಂಟರಿನಿಂದ ಸಣ್ಣದೊಂದು ಕಪ್ಪು ಹಲಗೆ ಎರವಲು ತಂದು ಕಲ್ಲುಬೆಂಚಿಗೆ ಒರಗಿಸಿದೆ. ಇಪ್ಪತ್ತು ಜನ ಸೇರಿದ್ದರು. ವನಜ ಮುಂದಿನ ಬೆಂಚಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತನ್ನ ಹಳೆಯ ಕಾರಿನ ವಿಷಯ ಎಂದು ಮುನಿರಾಜಣ್ಣನೂ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಸೀಮೆಸುಣ್ಣ ಕೈಗೆ ಬಂದ ಕೂಡಲೇ ನನಗೆ ಇಪ್ಪತ್ತು ವರ್ಷ ಇಳಿದವು.

ಮೊದಲ ಕಾಲು ಗಂಟೆ ನಿಜಕ್ಕೂ ಸೊಗಸಾಗಿ ಮಾತಾಡಿದೆ. ಪುಸ್ತಕ, ಕಂಪ್ಯೂಟರು ನೋಡಿ ಸಾಕಷ್ಟು ತಯಾರಾಗಿದ್ದೆ. ವೇಗವಾಗಿ ಓಡುವ ಕಾರಿನ ಆಕಾರವೇ ರೆಕ್ಕೆಯಂತೆ, ಕೆಳಗೆ ಚಪ್ಪಟೆ, ಮೇಲೆ ಗುಮ್ಮಟ, ಆದ್ದರಿಂದ ಜೋರಾಗಿ ಓಡಿದಷ್ಟೂ ಅದರ ಹಿಂಭಾಗ ಹಗುರಾಗುತ್ತದೆ ಎಂದೆ. ಹಿಂಬದಿಯ ಇಳಿಜಾರಿನ ಮೇಲೆ ನುಣ್ಣಗೆ ಜಾರುವ ಗಾಳಿಯೇ ಡಿಕ್ಕಿಯನ್ನು ಮೇಲಕ್ಕೆ ಹೀರುವುದು. ಅಲ್ಲೊಂದು ಅಂಚು ನಿಲ್ಲಿಸಿದರೆ ಆ ಗಾಳಿಯ ಓಟ ಕೆಡುತ್ತದೆ, ಕೆಡಿಸುವುದರಿಂದಲೇ ಅದಕ್ಕೆ ಸ್ಪಾಯ್ಲರ್ ಎಂಬ ಹೆಸರು ಎಂದೆ. ಜಗತ್ತಿನಲ್ಲಿ ಕೆಡಿಸುವುದಕ್ಕೆಂದೇ ದುಡ್ಡು ಕೊಟ್ಟು ತರುವ ವಸ್ತು ಇದೊಂದೇ ಇರಬೇಕು ಎಂದಾಗ ಜನ ನಕ್ಕರು. ವೇಗ ಎರಡರಷ್ಟಾದರೆ ಗಾಳಿಯ ಬಲ ನಾಲ್ಕರಷ್ಟಾಗುತ್ತದೆ, ಜೊತೆಗೆ ಅದು ಕಾರನ್ನು ಹಿಂದಕ್ಕೂ ಎಳೆಯುತ್ತದೆ, ಪೆಟ್ರೋಲು ಕುಡಿಯುತ್ತದೆ ಎಂದೆ. ದನದ ಡಾಕ್ಟರು ತಲೆದೂಗಿದರು. ಇಷ್ಟೆಲ್ಲ ನನ್ನ ಬಾಯಿಂದಲೇ ಬಂತು, ನೋಡಿ. ಬಾಯಿ ಹೇಳಿದ್ದನ್ನು ಕೈ ಕೇಳಿಸಿಕೊಳ್ಳಲಿಲ್ಲ. "ಇನ್ನು ಎತ್ತರದ ಕಾಲಿನ ಮೇಲೆ ನಿಲ್ಲುವ ರೆಕ್ಕೆ" ಎನ್ನುತ್ತಾ ಕೈ ತನ್ನಷ್ಟಕ್ಕೆ ತಾನು ಇಪ್ಪತ್ತೊಂಬತ್ತು ವರ್ಷದ ಚಿತ್ರವನ್ನೇ ಬರೆಯಿತು: ಮೇಲೆ ಉಬ್ಬು, ಕೆಳಗೆ ಚಪ್ಪಟೆ, ಮೇಲಕ್ಕೊಂದು ದಪ್ಪ ಬಾಣ.

"ಹೀಗೆ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ" ಎಂದು ವನಜಳ ಕಡೆ ತಿರುಗಿ ಗೆದ್ದವನ ನಗೆ ನಕ್ಕೆ.

ಹಿಂದಿನಿಂದ ಮುನಿರಾಜಣ್ಣ ಕೈ ಎತ್ತಿದ. "ಸಾರ್, ಒಂದ್ ಡೌಟು."

"ಕೇಳಿ ಮುನಿರಾಜಣ್ಣ."

"ಮೇಲಕ್ಕೆ ಎತ್ತುತ್ತೆ ಅಂದ್ರಲ್ಲ, ರೆಕ್ಕೆ ಡಿಕ್ಕಿಗೆ ಅಂಟ್ಕೊಂಡಿದೆ. ಹಂಗಾದ್ರೆ ಡಿಕ್ಕಿನೂ ಎತ್ತುತ್ತೆ. ಈಗ ತಾನೇ ನೀವೇ ಹೇಳಿದ್ರಿ, ಸ್ಪೀಡಾಗೋದ್ರೆ ಹಿಂದ್ಗಡೆ ಹಗುರ ಆಗೋಯ್ತದೆ ಅಂತ. ಹಗುರ ಆಗಿರೋದನ್ನ ಇನ್ನೂ ಎತ್ತಿದ್ರೆ ಟೈರು ರೋಡ್ ಹಿಡಿಯೋದ್ ಹೆಂಗೆ?"

ನಾನು ಕಪ್ಪು ಹಲಗೆಯ ಮೇಲಿನ ದಪ್ಪ ಬಾಣದ ಕಡೆ ತಿರುಗಿ ನೋಡಿದೆ.

ಮುನಿರಾಜಣ್ಣ ನನ್ನನ್ನು ಸೋಲಿಸಬೇಕೆಂದು ಕೇಳಿದವನಲ್ಲ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನಾನು ಚಿಕ್ಕೋನಿದ್ದಾಗ ಹೊಲ ಉತ್ತಾದ್ ಮೇಲೆ ಮಣ್ಣು ಸಮ ಮಾಡೋಕೆ ನಮ್ಮಪ್ಪ ಎತ್ತಿಗೆ ಹಲಗೆ ಕಟ್ಟಿ ಎಳೆಸ್ತಿದ್ರು. ಬರೀ ಹಲಗೆ ಎಳುದ್ರೆ ಹೆಂಟೆ ಮೇಲೆ ಎಗ್ರುಕೊಂಡು ಹೋಗೋದು, ಮಣ್ಣು ಹಿಡೀತಿರ್ಲಿಲ್ಲ. ಅದಕ್ಕೆ ನನ್ನನ್ನ ಅದ್ರ ಮೇಲೆ ಕೂರಿಸೋರು. ಸುಮ್ನೆ ಕೂತಿರೋದೇ ನನ್ ಕೆಲಸ. ನಾನು ಕೂತ್ರೆ ಹಲಗೆ ನೆಲ ಕಚ್ಕೊಂಡು ಹೋಗೋದು. ಕಾರಿಗೆ ರೆಕ್ಕೆ ಹಾಕ್ಸಿದಾಗ ನಾನು ಅಂದ್ಕೊಂಡಿದ್ದು, ಇದು ಆ ಹಲಗೆ ಮೇಲೆ ಕೂತಿದ್ದ ನನ್ನಂಗೇ ಅಂತ. ಒತ್ತೋಕೆ ಇರೋದು. ತಪ್ಪಾ ಸಾರ್?" ಆಮೇಲೆ ಸ್ವಲ್ಪ ನಾಚಿಕೊಂಡು, "ಆ ಹಲಗೆ ಇನ್ನೂ ಐತೆ. ಈಗ ಕೆಂಪು ಕಾರು ಹಂಪ್ ದಾಟ್ಸೋಕೆ ಇಡ್ತೀವಲ್ಲ, ಅದ್ರಲ್ಲಿ ಒಂದು ಅದೇ" ಎಂದು ಕೂತ.

ಯಾರೋ ಕೋಡುಬಳೆ ಕಡಿದ ಸದ್ದು ಕೇಳಿತು. ನನ್ನ ಕಿವಿ ಬಿಸಿಯಾಯಿತು. ವಿಮಾನಕ್ಕೆ ಏಳುವುದು ಬೇಕು, ಕಾರಿಗೆ ನೆಲ ಬೇಕು. ಆದ್ದರಿಂದ ಕಾರಿನ ರೆಕ್ಕೆ ವಿಮಾನದ ರೆಕ್ಕೆಯನ್ನು ಮಗುಚಿ ಹಾಕಿದ್ದು. ಇಷ್ಟು ಸರಳ ಸಂಗತಿ. ಮುನಿರಾಜಣ್ಣ ಇದನ್ನು ಏಳನೆಯ ವಯಸ್ಸಿನಲ್ಲೇ ತನ್ನ ಚಡ್ಡಿಯ ಮೂಲಕ ತಿಳಿದುಕೊಂಡಿದ್ದ. ಬಾಬಣ್ಣ "ಇದು ಕಾರಲ್ವಾ" ಎಂದಿದ್ದ. ವನಜ ಮೆಣಸಿನಕಾಯಿ ಜೋಡಿಸಿ ತೋರಿಸಿದ್ದಳು. ಒಂದು ರೆಕ್ಕೆಯನ್ನು ತಲೆಕೆಳಗು ಮಾಡಲು ಇಡೀ ದಕ್ಷಿಣ ಬೆಂಗಳೂರಿನಲ್ಲಿ ಒಬ್ಬ ಭೌತಶಾಸ್ತ್ರದ ಮೇಷ್ಟ್ರೇ ಬೇಕಾಯಿತು.

ವನಜಳ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಹೊಂಗೆ ಮರದ ಮೇಲೆ ಏನೋ ವಿಶೇಷವಿರುವಂತೆ ಅತ್ತ ನೋಡುತ್ತಿದ್ದಳು. ಇಪ್ಪತ್ತು ಜನರ ಮುಂದೆ ನನ್ನ ಮುಖ ಬೀಳುವುದನ್ನು ಅವಳು ನೋಡಲು ಬಯಸಲಿಲ್ಲ ಎಂದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು. ಏನಾದರೂ ಸಬೂಬು ಹೇಳಿ ನುಣುಚಿಕೊಳ್ಳಬಹುದಿತ್ತು, ಮೇಷ್ಟ್ರುಗಳಿಗೆ ಆ ವಿದ್ಯೆ ಬರುತ್ತದೆ. ಹೇಳಲು ಮನಸ್ಸು ಬರಲಿಲ್ಲ.

"ಮುನಿರಾಜಣ್ಣ, ನೀವು ಸರಿ. ತಪ್ಪು ನಂದು" ಎಂದೆ. ಸೀಮೆಸುಣ್ಣ ಕೆಳಗಿಟ್ಟು ಕಪ್ಪು ಹಲಗೆಯನ್ನೇ ಎರಡೂ ಕೈಯಲ್ಲಿ ಎತ್ತಿ ತಲೆಕೆಳಗು ಮಾಡಿ ನಿಲ್ಲಿಸಿದೆ. ಉಬ್ಬು ಕೆಳಗೆ ಬಂತು, ಬಾಣ ನೆಲದ ಕಡೆ ತಿರುಗಿತು. ಚಿತ್ರ ಸರಿಯಾಯಿತು. ಜನ ಚಪ್ಪಾಳೆ ತಟ್ಟಿದರು. ಇದೆಲ್ಲ ನಾನು ಬೇಕೆಂದೇ ಮಾಡಿದ ನಾಟಕ ಎಂದು ದನದ ಡಾಕ್ಟರು ಇಂದಿಗೂ ನಂಬಿದ್ದಾರೆ. "ಎಂಥಾ ಟೀಚಿಂಗ್ ಮೆಥಡ್ ಸಾರ್!" ಎಂದು ನನ್ನ ಕೈ ಕುಲುಕಿದರು. ಅವರನ್ನು ತಿದ್ದುವಷ್ಟು ಪ್ರಾಮಾಣಿಕತೆ ನನ್ನಲ್ಲಿ ಉಳಿದಿರಲಿಲ್ಲ, ಇದ್ದದ್ದೆಲ್ಲ ಖರ್ಚಾಗಿತ್ತು.

ಮನೆಗೆ ನಡೆದು ಬರುವಾಗ ವನಜ ಗೆದ್ದೆ ಎನ್ನಲಿಲ್ಲ, ನಾನು ಹೇಳಿರಲಿಲ್ಲವಾ ಎನ್ನಲಿಲ್ಲ. ಬೀದಿಯ ತಿರುವಿನಲ್ಲಿ ಒಂದೇ ಮಾತು ಕೇಳಿದಳು: "ಬಾಬಣ್ಣನ ಅಂಗ್ಡಿ ಭಾನುವಾರ ತೆಗ್ದಿರುತ್ತಾ?"

ತೆಗೆದಿತ್ತು. ಬಾಬಣ್ಣ ನನ್ನ ಕಾರನ್ನು ಕಂಡವನೇ ಸ್ಪ್ಯಾನರ್ ಎತ್ತಿಕೊಂಡ. ಏನಾಗಬೇಕು ಎಂದು ಕೇಳಲೂ ಇಲ್ಲ. ರಬ್ಬರ್ ಬಿರಡೆಗಳನ್ನು ಉಗುರಿನಿಂದ ಎಬ್ಬಿಸಿ ಜೇಬಿಗೆ ಹಾಕಿಕೊಂಡು, ರೆಕ್ಕೆ ಮಗುಚಿ, ಹಳೆಯ ತೂತಿಗೆ ಹಳೆಯ ಬೋಲ್ಟು ಕೂರಿಸಿದ.

"ಹಳೆ ತೂತಿಗೆ ಬರೀ ಬಿರಡೆನಾ? ಪುಟ್ಟಿ ತುಂಬಿರ್ಲಿಲ್ವಾ ನೀವು?" ಎಂದೆ.

"ಇಲ್ಲ ಸಾರ್" ಎಂದ ಅವನು ತಲೆ ಎತ್ತದೆ. "ವಾಪಸ್ ಬರ್ತೀರಾ ಅಂತ ಗೊತ್ತಿತ್ತು."

ಮರುದಿನದಿಂದ ರೆಕ್ಕೆಯ ಮೇಲೆ ಮತ್ತೆ ಪಂಚೆ, ಮತ್ತೆ ಎರಡು ಸಾಲು. ಹೊಸ ಕಾಯಿ, ಹೊಸ ಮಜ್ಜಿಗೆ. ಏಳನೆಯ ದಿನ ಒಂದು ಪ್ರಸಂಗ ನಡೆಯಿತು. ಔಷಧಿ ತರಬೇಕಿತ್ತು, ಯಾವುದೋ ಯೋಚನೆಯಲ್ಲಿ ಕಾರು ತೆಗೆದು ಜಯನಗರಕ್ಕೆ ಹೊರಟುಬಿಟ್ಟೆ. ದಾರಿಯುದ್ದಕ್ಕೂ ಜನ ನನ್ನನ್ನೇ ನೋಡಿ ಕೈ ಬೀಸುತ್ತಿದ್ದರು. ಪಾರ್ಕಿನ ಭಾಷಣದ ಕೀರ್ತಿ ಇಷ್ಟು ದೂರ ಹಬ್ಬಿತೇ ಎಂದು ನಾನೂ ಕೈ ಬೀಸಿದೆ. ದೇವಸ್ಥಾನದ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಆಟೋದವನು ಇಣುಕಿ, "ಅಂಕಲ್, ಮೆಣಸಿನಕಾಯಿ!" ಎಂದು ಕೂಗಿದ. ಹಳದಿ ದೀಪಕ್ಕೆ ನಿಂತದ್ದಕ್ಕೆ ಬೈಯುವ ಹೊಸ ಬೈಗುಳ ಇರಬೇಕೆಂದು ನಾನು ಗಾಜು ಏರಿಸಿಕೊಂಡೆ.

ನಾಲ್ಕನೇ ಬ್ಲಾಕಿನಲ್ಲಿ ಇಳಿದು ನೋಡಿದರೆ ರೆಕ್ಕೆಯ ಮೇಲೆ ಪಂಚೆ, ಪಂಚೆಯ ಮೇಲೆ ಮೆಣಸಿನಕಾಯಿ. ಆಮೇಲೆ ಎಣಿಸಿದೆ. ಎರಡು ಸಲ ಎಣಿಸಿದೆ. ಹನ್ನೊಂದು ಹಂಪು, ಲೆಕ್ಕವಿಲ್ಲದಷ್ಟು ಗುಂಡಿ, ಮೂರು ಸಲ ಗಕ್ಕನೆ ಹಿಡಿದ ಬ್ರೇಕು. ವನಜ ಜೋಡಿಸಿದ ಸಾಲು ಕದಲಿರಲಿಲ್ಲ. ನನ್ನ ವೇಗಕ್ಕೆ ಗಾಳಿ ಆ ರೆಕ್ಕೆಯನ್ನು ಎಷ್ಟು ಒತ್ತಿರಬಹುದೆಂದು ಅಲ್ಲೇ ನಿಂತು ಮನಸ್ಸಿನಲ್ಲಿ ಅಂದಾಜು ಮಾಡಿದೆ. ಮೆಣಸಿನಕಾಯಿಗಳ ಭಾರವೇ ಹೆಚ್ಚಿರಬೇಕು. ಹಾಗೆ ನೋಡಿದರೆ ಅಂದು ನನ್ನ ಕಾರನ್ನು ನೆಲಕ್ಕೆ ಒತ್ತಿ ಹಿಡಿದಿದ್ದು ಗಾಳಿಯಲ್ಲ, ವನಜಳ ಬಾಳಕ.

ಮಧ್ಯಾಹ್ನ ಊಟಕ್ಕೆ ಕೂತೆ. ಮೊಸರನ್ನ ಬಂತು. ಅದರ ಪಕ್ಕಕ್ಕೆ, ಬಾಣಲೆಯಿಂದ ಆಗಷ್ಟೇ ತೆಗೆದ, ಕಪ್ಪಗೆ ಮಿರುಗುವ ಎರಡು ಬಾಳಕ ಬಂದು ಕೂತವು. ಕಣ್ಣು ತುಂಬಿತು, ಇನ್ನೂ ಕಚ್ಚಿರಲಿಲ್ಲ, ಆದ್ದರಿಂದ ಖಾರಕ್ಕೆ ಎ‍ನ್ನುವಂತಿಲ್ಲ. ಆಮೇಲೆ ಆತುರದಲ್ಲಿ ಇಡೀ ಒಂದನ್ನು ಬಾಯಿಗೆ ಹಾಕಿಕೊಂಡೆ. ಜಯನಗರದವರೆಗೂ ಹೋಗಿ ಗಾಳಿ ಕುಡಿದು ಬಂದ ಕಾಯಿ, ಅದಕ್ಕೆ ಏನು ಸೊಕ್ಕು! ನಾಲಿಗೆ ಹತ್ತಿಕೊಂಡು ಉರಿಯಿತು, ನೆತ್ತಿಯಲ್ಲಿ ಬೆವರೊಡೆಯಿತು.

ವನಜ ನೀರಿನ ಲೋಟವನ್ನು ಕೈಗೆ ಸಿಗದಷ್ಟು ದೂರದಲ್ಲಿ ಹಿಡಿದುಕೊಂಡು ಎದುರಿಗೆ ಕೂತಳು.

"ಈಗ ಹೇಳಿ. ಗಾಳಿ ಮೇಲಕ್ಕೋ, ಕೆಳಕ್ಕೋ?"

ನಾನು ಎರಡೂ ಕಡೆಯಿಂದ ಬಾಯಿಗೆ ಗಾಳಿ ಎಳೆದುಕೊಳ್ಳುತ್ತಾ, ಮಾತು ಹೊರಡದೆ, ಮೊಸರು ಮೆತ್ತಿದ ತೋರುಬೆರಳನ್ನು ನೆಲದ ಕಡೆ ತೋರಿಸಿದೆ.